ಎರಡು ಕೈಯಲ್ಲಿ ಎರಡು ಟೋಪಿ

“ಮುಖ ಕೇಳಬೇಡಿ ಅಮ್ಮ, ನನಗೆ ನೆನಪಿರೋದು ಕಾಲು ಮಾತ್ರ,” ಎಂದ ಶೂ ಕೌಂಟರಿನವನು.

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಜನ ತಮ್ಮ ಶೂ ಬಿಚ್ಚಿ ಅವನ ಕೈಗೆ ಕೊಡಬೇಕು, ಅವನು ಕೊಟ್ಟ ಸ್ಕೇಟು ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಜಾರಬೇಕು, ಬೀಳಬೇಕು, ಕೊನೆಗೆ ಸೊಂಟ ಹಿಡಿದುಕೊಂಡು ಬಂದು ಶೂ ವಾಪಸ್ ಪಡೆಯಬೇಕು. ಬೆಳಗಿನಿಂದ ಬಗ್ಗಿಯೇ ಇರುವ ಮನುಷ್ಯ ಮುಖ ನೋಡುವುದಾದರೂ ಯಾವಾಗ?

“ಕಾಲನ್ನೇ ಹೇಳ್ತೀನಿ, ಕೇಳಪ್ಪ,” ಎಂದರು ಇನ್ಸ್‌ಪೆಕ್ಟರಮ್ಮ. “ಬಿಳಿ ಸ್ಪೋರ್ಟ್ಸ್ ಶೂ. ಹೆಂಗಸಿನದು. ಎಡಗಾಲಿಗೆ ಬಿಳಿ ಲೇಸು. ಬಲಗಾಲಿಗೆ ಲೇಸಿನ ಬದಲು ಅರಿಶಿನ ಬಣ್ಣದ ಉಲ್ಲನ್ ದಾರ.”

“ಓಹೋ, ಅದಾ!” ಅವನು ಮೊದಲ ಬಾರಿಗೆ ತಲೆ ಎತ್ತಿದ. “ಅದನ್ನ ಮರೆಯೋಕಾಗತ್ತಾ? ಕೊಟ್ಟು ಇನ್ನೂ ಗೂಡಿಗೆ ಇಟ್ಟಿರಲಿಲ್ಲ, ವಾಪಸ್ ಇಸ್ಕೊಂಡ್ರು. ಸ್ಕೇಟು ಮುಟ್ಟಲೇ ಇಲ್ಲ. ಹಿಂದುಗಡೆ ಗೇಟು ಇದೆಯಾ ಅಂತ ಕೇಳಿದ್ರು. ತೋರಿಸ್ದೆ.”

“ಎಷ್ಟು ಹೊತ್ತಲ್ಲಿ?”

“ನಾನಿನ್ನೂ ಊಟದ ಡಬ್ಬಿ ತೆಗೆದಿರಲಿಲ್ಲ.”

“ಜೊತೆಗೆ ಯಾರಾದ್ರೂ ಇದ್ರಾ?”

“ಒಂದೇ ಜೊತೆ ಕಾಲು, ಅಮ್ಮ.”

ಇನ್ಸ್‌ಪೆಕ್ಟರಮ್ಮ ಉಸಿರು ಬಿಟ್ಟರು. ಚೌಕದ ದೊಡ್ಡ ಕ್ರಿಸ್‌ಮಸ್ ಮರಕ್ಕೆ ದೀಪ ಹತ್ತಿದ ಗಳಿಗೆಯಲ್ಲೇ, ತಮ್ಮ ಪ್ರವಾಸದ ಗುಂಪಿನವರೆಲ್ಲ ಚಿಕ್ಕಮ್ಮ ಎಂದು ಕರೆಯುತ್ತಿದ್ದ ಹೆಂಗಸು ಜೊತೆಯಲ್ಲಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಾಗಿತ್ತು. ಮರದ ಕೆಳಗಿನ ನೂಕುನುಗ್ಗಲಿನಲ್ಲಿ ತಪ್ಪಿಸಿಕೊಂಡಿದ್ದಾರೆ ಎಂದೇ ಇಷ್ಟು ಹೊತ್ತು ಹುಡುಕಿದ್ದು. ಈಗ ನೋಡಿದರೆ ಆ ಹೆಂಗಸು ಹೋಗಿದ್ದು ಮಟಮಟ ಮಧ್ಯಾಹ್ನ!

ಆ ದಾರದ ವಿಷಯದಲ್ಲಿ ಇನ್ಸ್‌ಪೆಕ್ಟರಮ್ಮನಿಗೆ ಅನುಮಾನವೇ ಇರಲಿಲ್ಲ. ಕೊಟ್ಟವರು ಅವರೇ. ಬೆಳಿಗ್ಗೆ ಹೋಟೆಲಿನ ಹಜಾರದಲ್ಲಿ ಚಿಕ್ಕಮ್ಮನ ಲೇಸು ಪಟ್ಟನೆ ಕಿತ್ತುಬಂದಾಗ, ತಮ್ಮ ಹೆಣಿಗೆಯ ಚೀಲದಿಂದ ಒಂದು ಮೊಳ ಉಲ್ಲನ್ ಕತ್ತರಿಸಿ ಕೊಟ್ಟಿದ್ದರು. ಪೊಲೀಸ್ ಕೆಲಸದಿಂದ ನಿವೃತ್ತರಾದ ಮೇಲೆ ಬಿ.ಪಿ. ಇಳಿಸಿಕೊಳ್ಳಿ, ಕೈಗೆ ಏನಾದರೂ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಹೆಣಿಗೆ ಕಲಿತವರು ಅವರು. ಬಿ.ಪಿ. ಇಳಿಯಲಿಲ್ಲ. ಮನೆಯಲ್ಲಿ ಮಫ್ಲರುಗಳು ಮಾತ್ರ ಹೆಚ್ಚಾದವು.

“ಸಾಧ್ಯವೇ ಇಲ್ಲ ಮೇಡಂ!” ಪಕ್ಕದಲ್ಲಿದ್ದ ಪೀಪಿಯ ದನಿ ಕೀರಲಾಯಿತು. “ಸ್ಕೇಟಿಂಗ್ ಆದ್ಮೇಲೆ ನಾನೇ ಎಣಿಸಿದೀನಿ. ಹನ್ನೆರಡು. ಮರದ ಕುದುರೆ ಹತ್ರ ಎಣಿಸ್ದೆ. ಹನ್ನೆರಡು. ದೀಪ ಹತ್ತೋಕೆ ಮುಂಚೆ ಎಣಿಸ್ದೆ. ಹನ್ನೆರಡು! ಬೇಕಾದ್ರೆ ಯಾವ ದೇವರ ಮೇಲಾದ್ರೂ ಆಣೆ ಮಾಡ್ತೀನಿ.”

ಪೀಪಿ ಎಂದರೆ ಪ್ರವಾಸದ ಗೈಡ್ ಹುಡುಗಿ. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಗುಂಪಿನವರು ಇಟ್ಟ ಹೆಸರು. ಹುಡುಗಿ ಜಾಣೆ. ಹಬ್ಬದ ಊರಿನಲ್ಲಿ ಎಲ್ಲರ ತಲೆಯ ಮೇಲೂ ಕೆಂಪು ಟೋಪಿಯೇ ಇರುತ್ತದೆ ಎಂದು ತನ್ನವರಿಗೆಲ್ಲ ಗಿಣಿಹಸಿರು ಟೋಪಿ ಹಂಚಿದ್ದಳು. ಎಂಥ ಜನಸಂದಣಿಯಲ್ಲೂ ಸೀಟಿ ಊದಿ “ಟೋಪಿ ಮೇಲೆ!” ಎಂದು ಕೂಗುತ್ತಿದ್ದಳು. ಎಲ್ಲರೂ ಟೋಪಿ ತೆಗೆದು ಕೈ ಮೇಲೆತ್ತಬೇಕು. ಅವಳು ಒಂದು ಕಲ್ಲುಬೆಂಚಿನ ಮೇಲೆ ಹತ್ತಿ ಎಣಿಸಿ, ಇನ್ನೊಂದು ಸೀಟಿ ಊದಿ ಮುಂದಕ್ಕೆ ಕರೆದುಕೊಂಡು ಹೋಗುತ್ತಿದ್ದಳು.

“ಟೋಪಿ ಎಣಿಸಿದ್ಯಾ, ತಲೆ ಎಣಿಸಿದ್ಯಾ?” ಇನ್ಸ್‌ಪೆಕ್ಟರಮ್ಮ ಕೇಳಿದರು.

“ಎರಡೂ ಒಂದೇ ಅಲ್ವಾ ಮೇಡಂ?”

ಕೇಳಿದ ಮೇಲೆ ಅವಳಿಗೇ ಏನೋ ಹೊಳೆದಿರಬೇಕು. ಕಣ್ಣು ತುಂಬಿತು. ಇನ್ಸ್‌ಪೆಕ್ಟರಮ್ಮ ಅವಳ ಬೆನ್ನು ಸವರಿದರು. ಪಾಪ, ತಮ್ಮ ಮಗಳ ವಯಸ್ಸಿನ ಹುಡುಗಿ. ಬೈದರೆ ಚಿಕ್ಕಮ್ಮ ಸಿಗುತ್ತಾರೆಯೇ?

“ಅಳೋದು ಆಮೇಲೆ. ಈಗ ಚೌಕದ ಪೊಲೀಸರ ಹತ್ರ ಹೋಗು. ಸಂಜೆ ಕಾಣೆಯಾದದ್ದಲ್ಲ, ಮಧ್ಯಾಹ್ನ ಈ ಹಿಂದಿನ ಗೇಟಿಂದ ಹೋದದ್ದು ಅಂತ ಸರಿಯಾಗಿ ಹೇಳು.”

ಹೊರಗೆ ಬಂದರೆ ಚೌಕದ ತುಂಬ ಬೆಳಕು. ಮರದ ಮಳಿಗೆಗಳ ಸಾಲು, ಮಾಡಿಗೆ ಸುತ್ತಿದ ಪುಟ್ಟ ದೀಪಗಳು, ಮೆಟ್ಟಿಲ ಮೇಲೆ ಸಾಲಾಗಿ ನಿಂತು ಹಾಡುವವರು, ಅವರ ಬಾಯಿಂದ ಬರುವ ಉಸಿರಿನ ಹಬೆ. ನಾಲ್ಕು ದಿನ ಊರು ನೋಡಿ ಖುಷಿಯಾಗಿರೋಣ ಎಂದು ಬಂದವರಿಗೆ ಇದಕ್ಕಿಂತ ಇನ್ನೇನು ಬೇಕಿತ್ತು?

ರಾಯರು ಎರಡು ಲೋಟ ಬಿಸಿ ಚಾಕೊಲೇಟ್ ಹಿಡಿದುಕೊಂಡು, ಕುಂಟುತ್ತಾ ಎದುರಾದರು. ರಾಯರು ಎಂದರೆ ಇನ್ಸ್‌ಪೆಕ್ಟರಮ್ಮನ ಯಜಮಾನರು. ಜೀವಮಾನವಿಡೀ ಫೋಟೋ ಸ್ಟುಡಿಯೋ ನಡೆಸಿದವರು. ಈಗಲೂ ಕೊರಳಲ್ಲಿ ಕ್ಯಾಮೆರಾ, ಎಡ ಮಂಡಿಗೆ ಪಟ್ಟಿ.

“ಕುಡಿಯೇ ಮೊದಲು. ತುಟಿ ನೀಲಿಯಾಗಿದೆ.”

“ನಂದಿರಲಿ. ನಿಮ್ಮ ಮಫ್ಲರ್ ಎಲ್ರೀ?”

ರಾಯರು ಕೊರಳು ಮುಟ್ಟಿ ನೋಡಿಕೊಂಡರು. “ಬಸ್ಸಲ್ಲೇ ಬಿಟ್ಟೆ ಅನ್ಸತ್ತೆ.”

“ಸರಿಹೋಯ್ತು. ಶೀತ ಹತ್ತಿಸಿಕೊಂಡು ಆಮೇಲೆ ನನ್ನ ಪ್ರಾಣ ತಿನ್ನಿ.”

ಆ ಮಫ್ಲರ್ ಗುಂಪಿನಲ್ಲೇ ಪ್ರಸಿದ್ಧ. ಉದ್ದಕ್ಕೂ ಬೂದು ಬಣ್ಣ, ಒಂದು ತುದಿ ಮಾತ್ರ ಅರಿಶಿನ. ಬೂದು ಉಲ್ಲನ್ ಮುಗಿದುಹೋಗಿ ಇನ್ಸ್‌ಪೆಕ್ಟರಮ್ಮ ಸಿಕ್ಕಿದ್ದನ್ನು ಸೇರಿಸಿ ಮುಗಿಸಿದ್ದರು. ಇದು ಫ್ಯಾಷನ್ನೋ ಬಡತನವೋ ಎಂದು ಬಸ್ಸಿನಲ್ಲಿ ಎಲ್ಲರೂ ಕಾಲೆಳೆದಿದ್ದರು. ರಾಯರು ಮಾತ್ರ ಅದನ್ನು ಶಾಲು ಹೊದಿಸಿಕೊಂಡ ಸನ್ಮಾನಿತರ ಹಾಗೆ ಎದೆಯುಬ್ಬಿಸಿ ಹಾಕಿಕೊಂಡು ಓಡಾಡುತ್ತಿದ್ದರು.

“ಪೊಲೀಸರಿಗೆ ಹೇಳಿ ಆಯ್ತಲ್ಲ. ಇನ್ನು ನೀನು ಸುಮ್ನಿರು,” ಎಂದರು ಈಗ. “ರಜೆಗೆ ಬಂದಿದ್ದೀವಿ ಕಣೇ.”

“ಸುಮ್ನಿರೋದಾ? ನಿನ್ನೆ ರಾತ್ರಿ ಬಸ್ಸಲ್ಲಿ ಆಕೆಗೆ ಉಬ್ಬಸ ಬಂದಿದ್ದು ನೋಡಲಿಲ್ವಾ? ಆ ಪಂಪು ಬಾಯಿಗಿಟ್ಕೊಂಡ ಮೇಲೇ ಅಲ್ವಾ ಜೀವ ಬಂದಿದ್ದು?”

ರಾಯರು ಲೋಟದೊಳಗೆ ನೋಡುತ್ತಾ ನಿಂತರು.

ಅಷ್ಟರಲ್ಲಿ ಹೆಡ್‌ಮಾಸ್ತರು ಜನರನ್ನು ಸರಿಸಿಕೊಂಡು ಬಂದರು. ಚಿಕ್ಕಮ್ಮನ ಅಣ್ಣ. ನಿವೃತ್ತರಾಗಿದ್ದರೂ ದನಿ ಇನ್ನೂ ಪ್ರಾರ್ಥನೆಯ ಮೈದಾನದ್ದು. ಮಧ್ಯಾಹ್ನವೆಲ್ಲ ಗುಂಪಿನ ಮುಂದೆ ಮುಂದೆ ನಡೆಯುತ್ತಾ ಗಡಿಯಾರದ ಗೋಪುರ, ಮರದ ಎತ್ತರ, ಕಮಾನಿನ ಇತಿಹಾಸ ಎಂದು ಪಾಠ ಮಾಡಿದ್ದರು. ತಂಗಿ ಹೆಂಗಸರ ಜೊತೆ ಹಿಂದೆ ಬರುತ್ತಿದ್ದಾಳೆ ಎಂದುಕೊಂಡಿದ್ದರು. ಈಗ ಆ ದನಿ ಪೂರ್ತಿ ಕಟ್ಟಿಹೋಗಿತ್ತು. ತೋಳಿನ ಮೇಲೆ ತಂಗಿಯ ಉಣ್ಣೆ ಶಾಲು.

“ಎಲ್ಲ ಅಂಗಡೀಲೂ ಕೇಳ್ದೆ ಇನ್ಸ್‌ಪೆಕ್ಟರಮ್ಮ. ಸಿಕ್ಕಿದ ತಕ್ಷಣ ಹೊದಿಸೋಣ ಅಂತ ಶಾಲು ಹಿಡ್ಕೊಂಡೇ ತಿರುಗ್ತಿದೀನಿ. ಅವಳ ಹತ್ರ ಫೋನೂ ಇಲ್ಲ. ಚಿಕ್ಕೋಳಿದ್ದಾಗಿಂದ ಅವಳಿಗೆ ಎದೆ ಸರಿಯಿಲ್ಲ. ಸ್ಕೂಲಿಗೆ ನಾನೇ ಹೊತ್ಕೊಂಡು ಹೋಗ್ತಿದ್ದೆ.”

ಅವರ ಕೈಯಲ್ಲಿದ್ದ ಫೋನು ಗುರುಗುಟ್ಟಿತು. ಹೆಡ್‌ಮಾಸ್ತರು ನೋಡಿ ಸಿಡುಕಿ ಕಟ್ ಮಾಡಿದರು.

“ಥತ್! ಈ ಗ್ಯಾಸ್ ಸಿಲಿಂಡರಿನವನದ್ದೊಂದು ಕಾಟ. ಮಧ್ಯಾಹ್ನದಿಂದ ಬಿಟ್ಟೂ ಬಿಡದೆ ಮಾಡ್ತಿದಾನೆ. ಫೋನು ನಮ್ಮನೆಯವಳದ್ದು, ನಂದು ಚಾರ್ಜ್ ಇಲ್ಲ ಅಂತ ಇಸ್ಕೊಂಡಿದ್ದೆ. ಹಬ್ಬದ ದಿನ ಗ್ಯಾಸು ಯಾರಿಗೆ ಬೇಕಾಗಿದೆ?”

ಅವರು ಮತ್ತೆ ಜನರೊಳಗೆ ನುಗ್ಗಿದರು. ಆ ಶಾಲು ಹಿಡಿದ ತೋಳು ಮರೆಯಾಗುವವರೆಗೂ ಇನ್ಸ್‌ಪೆಕ್ಟರಮ್ಮ ನೋಡುತ್ತಿದ್ದರು.

“ಕ್ಯಾಮೆರಾ ಕೊಡಿ,” ಎಂದರು ಗಂಡನ ಕಡೆ ತಿರುಗಿ.

“ಬ್ಯಾಟರಿ ಮುಗಿದಿದೆ ಕಣೇ.”

“ಕೊಡ್ರೀ ನೋಡೋಣ.”

ಗುಂಡಿ ಒತ್ತಿದರೆ ಪರದೆ ಲಕ್ಷಣವಾಗಿ ಬೆಳಗಿತು. ಬ್ಯಾಟರಿ ಅರ್ಧಕ್ಕಿಂತ ಹೆಚ್ಚೇ ಇತ್ತು. “ಇದೆಯಲ್ರೀ!”

“ಹಾಗಾದ್ರೆ ಮುಗಿದಿರೋದು ನನ್ನ ಕಣ್ಣು,” ಎಂದು ರಾಯರು ನಕ್ಕರು.

ಒಂದೊಂದೇ ಫೋಟೋ ಸರಿಸಿದರು. ಅಂಗಡಿಯ ಗಾಜಿನೊಳಗೆ ಓಡುವ ಆಟಿಕೆ ರೈಲು. ದೀಪಗಳಿಂದ ಮಾಡಿದ ಜಿಂಕೆ. ಮಂಜುಗಡ್ಡೆಯ ಮೇಲೆ ಅಂಗಾತ ಬಿದ್ದ ಹೆಡ್‌ಮಾಸ್ತರು. ಬೇರೆ ದಿನವಾಗಿದ್ದರೆ ಇನ್ಸ್‌ಪೆಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆಮೇಲೆ ಮೆರ್ರಿ ಗೋ ರೌಂಡಿನ ಮುಂದೆ ತೆಗೆದ ಫೋಟೋ. ಬಣ್ಣದ ಮರದ ಕುದುರೆಗಳು, ಅವುಗಳ ಮುಂದೆ “ಟೋಪಿ ಮೇಲೆ!” ಎಂದಾಗ ಎತ್ತಿದ ಕೈಗಳು. ಇನ್ಸ್‌ಪೆಕ್ಟರಮ್ಮ ಫೋಟೋ ದೊಡ್ಡದು ಮಾಡಿದರು. ಟೋಪಿಯಿಂದ ಕೈಗೆ, ಕೈಯಿಂದ ಭುಜಕ್ಕೆ, ಭುಜದಿಂದ ಮುಖಕ್ಕೆ ಒಬ್ಬೊಬ್ಬರನ್ನೇ ನೋಡುತ್ತಾ ಬಂದರು.

ಕೊನೆಯ ಸಾಲಿನಲ್ಲಿ ಒಬ್ಬರು ಎರಡೂ ಕೈ ಎತ್ತಿದ್ದರು. ಎಡಗೈಯಲ್ಲಿ ಒಂದು ಟೋಪಿ. ಬಲಗೈಯಲ್ಲಿ ಇನ್ನೊಂದು.

“ಅಯ್ಯೋ ಪುಣ್ಯಾತ್ಗಿತ್ತಿ!” ಇನ್ಸ್‌ಪೆಕ್ಟರಮ್ಮನ ಬಾಯಿಂದ ತಾನಾಗಿಯೇ ಹೊರಟಿತು.

ಅದರ ಮುಂದಿನ ಫೋಟೋ ನೇರವಾಗಿ ದೀಪ ಹತ್ತಿದ ಮರದ್ದು. ನಡುವೆ ಒಂದೂ ಇಲ್ಲ. ದಾರಿಯ ಕಸದ ಬುಟ್ಟಿಯನ್ನೂ ಬಿಡದೆ ಫೋಟೋ ತೆಗೆಯುವ ಮನುಷ್ಯ ಅಷ್ಟು ಹೊತ್ತು ಸುಮ್ಮನಿದ್ದರೇ? ಹೌದು, ಮಂಡಿ ನೋಯುತ್ತಿದೆ, ಕಾಫಿ ಅಂಗಡಿಯಲ್ಲಿ ಕೂತಿರುತ್ತೇನೆ ಎಂದಿದ್ದರು. ಇನ್ಸ್‌ಪೆಕ್ಟರಮ್ಮ ಕ್ಯಾಮೆರಾವನ್ನು ಗಂಡನ ಕೊರಳಿಗೆ ಹಾಕಿ, ಹೆಣಿಗೆಯ ಚೀಲ ಹೆಗಲಿಗೇರಿಸಿಕೊಂಡು ಹೊರಟರು.

* * *

ಅತ್ತಿಗೆಮ್ಮ ಮೆರ್ರಿ ಗೋ ರೌಂಡಿನ ಮೇಲೆ, ಗಾಡಿಯಾಕಾರದ ಪೀಠದಲ್ಲಿ ಒಬ್ಬರೇ ಕೂತಿದ್ದರು. ಹೆಡ್‌ಮಾಸ್ತರ ಹೆಂಡತಿ. ಚಿಕ್ಕಮ್ಮ ಅತ್ತಿಗೆ ಅತ್ತಿಗೆ ಎಂದು ಕರೆಯುವುದನ್ನು ಕೇಳಿ ಗುಂಪಿಗೆಲ್ಲ ಅತ್ತಿಗೆಮ್ಮ ಆಗಿದ್ದರು. ಮಾತು ಕಡಿಮೆ. ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳಿದರೂ ಒಮ್ಮೆ ಗಂಡನ ಮುಖ ನೋಡಿ ಹೇಳುವವರು.

ಇನ್ಸ್‌ಪೆಕ್ಟರಮ್ಮ ಪಕ್ಕದಲ್ಲಿ ಕೂತ ಕೂಡಲೇ ಗಂಟೆ ಬಾರಿಸಿತು. ಕುದುರೆಗಳು ಮೆಲ್ಲಗೆ ಮೇಲೆ ಕೆಳಗೆ ಆಡುತ್ತಾ ಹೊರಟವು.

“ಯಾಕೆ ಇಲ್ಲಿ ಕೂತಿದೀರಿ?”

“ಎಲ್ಲ ಕಡೇನೂ ಕಾಣತ್ತೆ. ಅವಳು ಬಂದ್ರೆ ಇಲ್ಲಿಂದ ಗೊತ್ತಾಗತ್ತೆ.” ಅತ್ತಿಗೆಮ್ಮ ಮುಖ ತಿರುಗಿಸಲಿಲ್ಲ. ಮಡಿಲಲ್ಲಿ ಕೈಚೀಲವನ್ನು ಅವುಚಿ ಹಿಡಿದಿದ್ದರು.

“ಅತ್ತಿಗೆಮ್ಮ, ಎರಡು ಟೋಪಿ ಎತ್ತಿದ್ದು ಯಾಕೆ?”

ಕುದುರೆಗಳು ಒಂದು ಸುತ್ತು ಮುಗಿಸಿದವು. ಇನ್ಸ್‌ಪೆಕ್ಟರಮ್ಮ ಕಾದರು. ಈ ವಿದ್ಯೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಎದುರಿಗೆ ಕಳ್ಳಿಯಲ್ಲ, ನಡುಗುತ್ತಿರುವ ಹೆಂಗಸು ಕೂತಿದ್ದಾಳೆ ಎನ್ನುವುದೂ ಗೊತ್ತಿತ್ತು. ತಮ್ಮ ಕೈಗವಸು ಬಿಚ್ಚಿ ಆ ತಣ್ಣನೆಯ ಕೈಗಳನ್ನು ಹಿಡಿದುಕೊಂಡರು.

“ನಾನು ಬೈಯೋಕೆ ಬಂದಿಲ್ಲ. ಅವರು ಎಲ್ಲಿದ್ದಾರೆ ಹೇಳಿ, ಸಾಕು.”

“ಇವರಿಗೆ ಹೇಳಬಾರದು.”

“ಅದನ್ನ ಆಮೇಲೆ ನೋಡೋಣ.”

“ಮಗಳ ಹತ್ರ,” ಎಂದರು ಅತ್ತಿಗೆಮ್ಮ. ಹೇಳಿದ ಮೇಲೆ ಕಟ್ಟೆ ಒಡೆದ ಹಾಗಾಯಿತು. “ಅವಳ ಮಗಳು ಇದೇ ಊರಲ್ಲಿದಾಳೆ. ಈ ಸಂತೆಯಲ್ಲೇ. ಮರಕ್ಕೆ ತೂಗುಹಾಕೋ ಗಾಜಿನ ಗುಂಡಿರತ್ತಲ್ಲ, ಅದರ ಮೇಲೆ ಚಿತ್ರ ಬರೀತಾಳೆ. ಎಂಟು ವರ್ಷ ಆಯ್ತು ತಾಯಿ ಮಗಳು ಮುಖ ನೋಡಿ.”

“ಯಾಕೆ?”

“ಇವರು ನೋಡಿದ್ದ ಗಂಡು ಬೇಡ ಅಂದ್ಲು. ಇವರ ಶಿಷ್ಯನೇ ಅವನು. ಮಾತು ಕೊಟ್ಟುಬಿಟ್ಟಿದ್ರು. ನಿಶ್ಚಿತಾರ್ಥದ ಬೆಳಿಗ್ಗೆ ಹುಡುಗಿ ಮನೆ ಬಿಟ್ಟಳು. ಅವತ್ತಿಂದ ಇವರು, ನನಗೆ ಸೋದರಸೊಸೆಯಿಲ್ಲ, ಈ ಮನೇಲಿ ಅವಳ ಮಾತೆತ್ತಬೇಡಿ ಅಂದ್ರು. ತಂಗಿ ಅಣ್ಣನ ಮಾತು ಮೀರಲಿಲ್ಲ. ಗಂಡ ಸತ್ತಾಗಿಂದ ಸಾಕಿದೋರು ಇವರೇ ಅಲ್ವಾ. ಹೊಲಿಗೆ ಮಿಷಿನ್ ಮುಂದೆ ಕೂತು ಅಳ್ತಾ ಇದ್ಲು. ಯಾರಾದ್ರೂ ಕೇಳಿದ್ರೆ ಸೂಜಿ ಚುಚ್ಚಿತು ಅನ್ನೋಳು.”

ಸುತ್ತು ತಿರುಗಿ ಬಂದಾಗ ಕೆಳಗೆ ಹೆಡ್‌ಮಾಸ್ತರು ಕಂಡರು. ಬಲೂನು ಮಾರುವವನಿಗೆ ಕೈ ಎದೆಯ ಮಟ್ಟಕ್ಕೆ ಹಿಡಿದು ತೋರಿಸುತ್ತಿದ್ದರು: ಇಷ್ಟೆತ್ತರ, ಬಿಳಿ ಶೂ. ಕುದುರೆಗಳು ಅವರನ್ನು ದಾಟಿ ಮುಂದೆ ಹೋದವು.

“ನೋಡಿ, ಕೆಟ್ಟೋರಲ್ಲ ಅವರು,” ಎಂದರು ಅತ್ತಿಗೆಮ್ಮ ಕಣ್ಣೊರೆಸಿಕೊಂಡು. “ಹಠ. ಒಂದು ಸಲ ಆಡಿದ ಮಾತು ನುಂಗೋಕೆ ಬರಲ್ಲ. ಅದಕ್ಕೇ ನಾನು, ಕ್ರಿಸ್‌ಮಸ್ ದೀಪ ನೋಡೋಣ ರೀ, ಸಂತೆ ನೋಡೋಣ ಅಂತ ಹಠ ಹಿಡಿದೆ. ಮದುವೆಯಾದಾಗಿಂದ ನಾನು ಕೇಳಿದ ಮೊದಲನೇ ಆಸೆ. ಪಾಪ, ಹೂಂ ಅಂದ್ರು.”

“ಸ್ಕೇಟಿಂಗಿನ ಹಿಂದಿನ ಗೇಟು?”

“ಹುಡುಗೀನೇ ಹೇಳಿದ್ದು. ಆ ಗೇಟಿಂದ ನೇರ ನಡೆದ್ರೆ ಅವಳ ಮಳಿಗೆ. ಅಮ್ಮ ನನ್ನ ಜೊತೆ ಮಧ್ಯಾಹ್ನವೆಲ್ಲ ಇರಲಿ, ಮರಕ್ಕೆ ದೀಪ ಹತ್ತೋ ಹೊತ್ತಿಗೆ ಕಳಿಸ್ತೀನಿ, ಆ ಗದ್ದಲದಲ್ಲಿ ಯಾರಿಗೂ ಗೊತ್ತಾಗಲ್ಲ ಅಂದ್ಲು. ನಾನು ಟೋಪಿ ಇಸ್ಕೊಂಡೆ.” ಅತ್ತಿಗೆಮ್ಮ ನಗಲು ಹೋಗಿ ಬಿಕ್ಕಿದರು. “ಎರಡು ಕೈ ಎತ್ತಿದ್ದು ಯಾರೂ ನೋಡಲಿಲ್ಲ. ನನ್ನನ್ನ ಯಾರು ತಾನೆ ನೋಡ್ತಾರೆ?”

ಇನ್ಸ್‌ಪೆಕ್ಟರಮ್ಮ ಆ ಕೈಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಒಳ್ಳೆಯ ಕೆಲಸ ಮಾಡಿದಿರಿ ಎಂದು ಹೇಳಬೇಕೆನಿಸಿತು. ತಾಯಿ ಮಗಳು ಎಂಟು ವರ್ಷದ ಮಾತು ಆಡಿ ಮುಗಿಸದೆ ಹೊತ್ತು ಮರೆತು ಕೂತಿರಬೇಕು, ಅಷ್ಟೇ. ಎದೆಯ ಮೇಲಿನ ಭಾರ ಅರ್ಧ ಇಳಿದ ಹಾಗಾಯಿತು.

“ಸರಿ, ಎದ್ದೇಳಿ. ಹೋಗಿ ಕರ್ಕೊಂಡು ಬರೋಣ. ನಿಮ್ಮ ಯಜಮಾನರನ್ನ ನಾನು ಸಂಭಾಳಿಸ್ತೀನಿ. ಮಗಳಿಗೆ ಒಂದು ಫೋನ್ ಮಾಡಿದ್ರೆ ಮುಗಿದಿತ್ತಲ್ಲ ತಾಯಿ?”

“ಫೋನು ಇವರ ಹತ್ರ ಇದೆಯಲ್ಲ. ಹೇಗೆ ಕೇಳಲಿ? ಅವಳ ನಂಬರ್ ಬೇರೆ ಹೆಸರಲ್ಲಿ ಹಾಕಿಟ್ಟಿದೀನಿ. ಇವರು ವಾಕಿಂಗ್ ಹೋದಾಗ ಮಾತಾಡ್ತೀನಿ.”

“ಯಾವ ಹೆಸರಲ್ಲಿ?”

“ಗ್ಯಾಸ್ ಸಿಲಿಂಡರ್ ಅಂತ.”

ಇನ್ಸ್‌ಪೆಕ್ಟರಮ್ಮನಿಗೆ ನಗು ಉಕ್ಕಿ ಬಂತು. ಬಂದದ್ದು ಗಂಟಲಲ್ಲೇ ನಿಂತುಹೋಯಿತು.

ಮಧ್ಯಾಹ್ನದಿಂದ ಬಿಟ್ಟೂ ಬಿಡದೆ ಮಾಡ್ತಿದಾನೆ.

“ಅತ್ತಿಗೆಮ್ಮ,” ಎಂದರು ಮೆಲ್ಲಗೆ, “ಆ ಹುಡುಗಿ ಮಧ್ಯಾಹ್ನದಿಂದ ನಿಮಗೆ ಫೋನ್ ಮಾಡ್ತಾನೇ ಇದಾಳೆ. ನಿಮ್ಮ ಯಜಮಾನರು ಕಟ್ ಮಾಡ್ತಾನೇ ಇದಾರೆ.”

“ಅಯ್ಯೋ! ಯಾಕೆ ಮಾಡ್ತಿದಾಳೆ?”

“ಅದೇ ನನಗೂ ಗೊತ್ತಾಗಬೇಕು. ಅಮ್ಮ ಪಕ್ಕದಲ್ಲಿ ಕೂತಿದ್ರೆ ಮಗಳು ನಿಮಗೆ ಯಾಕೆ ಫೋನ್ ಮಾಡ್ತಾಳೆ?”

ಅತ್ತಿಗೆಮ್ಮನ ಮುಖದಲ್ಲಿ ರಕ್ತ ಇಂಗಿಹೋಯಿತು. ಕೈಚೀಲ ತೆರೆದರು. ಒಳಗೆ ಗಿಣಿಹಸಿರು ಟೋಪಿ. ಅದರ ಕೆಳಗಿದ್ದದ್ದನ್ನು ಹೊರಗೆ ತೆಗೆದರು.

ಚಿಕ್ಕಮ್ಮನ ಉಬ್ಬಸದ ಪಂಪು.

“ಟೋಪಿ ಜೊತೆ ಇದನ್ನೂ ನನ್ನ ಚೀಲಕ್ಕೆ ಹಾಕಿಬಿಟ್ಟಿದಾಳೆ,” ಎಂದರು ಅತ್ತಿಗೆಮ್ಮ. “ಖುಷೀಲಿ ಅವಳಿಗೆ ಕೈ ಕಾಲು ಆಡ್ತಿರಲಿಲ್ಲ. ಆಮೇಲೆ ನೋಡ್ದೆ. ಮಗಳ ಹತ್ರ ಇದಾಳಲ್ಲ, ಏನೂ ಆಗಲ್ಲ ಅಂತ ಧೈರ್ಯ ತಂದ್ಕೊಂಡೆ.”

ಇನ್ಸ್‌ಪೆಕ್ಟರಮ್ಮ ಪಂಪನ್ನು ತಮ್ಮ ಕೈಗೆ ತೆಗೆದುಕೊಂಡರು. ಮೆರ್ರಿ ಗೋ ರೌಂಡ್ ನಿಲ್ಲುವವರೆಗೂ ಇಬ್ಬರಿಗೂ ತಾಳ್ಮೆಯಿರಲಿಲ್ಲ. ತಿರುಗುತ್ತಿರುವಾಗಲೇ ಇಳಿಯಲು ಹೋಗಿ ನಿರ್ವಾಹಕನ ಕೈಯಲ್ಲಿ ಬೈಸಿಕೊಂಡರು.

* * *

ಗಾಜಿನ ಗುಂಡುಗಳ ಮಳಿಗೆ ಸಾಲಿನ ಕೊನೆಯಲ್ಲಿತ್ತು. ಸ್ಕೇಟಿಂಗಿನ ಹಿಂದಿನ ಗೇಟಿನಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ. ನಡುವೆ ಒಂದೇ ಬೀದಿ, ಅದರ ಒಂದು ಬದಿಗೆ ಬಸ್ಸುಗಳು ನಿಲ್ಲುವ ಜಾಗ. ದಾರಿ ತಪ್ಪಬೇಕೆಂದರೂ ತಪ್ಪಲು ಸಾಧ್ಯವಿರಲಿಲ್ಲ.

ಒಳಗೆ ಕೂದಲು ಮೇಲಕ್ಕೆ ಕಟ್ಟಿಕೊಂಡ ಹೆಂಗಸೊಬ್ಬಳು ಕೂತಿದ್ದಳು. ಬೆರಳ ತುದಿಯೆಲ್ಲ ಬಣ್ಣ. ಮುಂದೆ ಗಿರಾಕಿಗಳು ನಿಂತಿದ್ದರೂ ಅವಳ ಕೈಯಲ್ಲಿದ್ದದ್ದು ಕುಂಚವಲ್ಲ, ಫೋನು. ಅತ್ತಿಗೆಮ್ಮನನ್ನು ಕಂಡದ್ದೇ ಎದ್ದು ನಿಂತಳು. ಅವಳು ಕೂತಿದ್ದ ಕುರ್ಚಿ ಹಿಂದಕ್ಕೆ ಬಿತ್ತು.

“ಅತ್ತೆ! ಯಾಕೆ ಫೋನ್ ಎತ್ತಲಿಲ್ಲ?”

“ಅಮ್ಮ ಎಲ್ಲಿ, ಕಂದ?”

“ಅಮ್ಮ ಬರಲಿಲ್ವಲ್ಲ ಅತ್ತೆ. ನಾನು ಮಧ್ಯಾಹ್ನದಿಂದ ಕಾಯ್ತಿದೀನಿ.”

ಅತ್ತಿಗೆಮ್ಮ ಮಳಿಗೆಯ ಹಲಗೆ ಹಿಡಿದುಕೊಂಡರು. ತೂಗುಹಾಕಿದ್ದ ಗಾಜಿನ ಗುಂಡುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಎಂಟು ವರ್ಷದ ಮೇಲೆ ಅತ್ತೆ ಸೊಸೆ ಒಬ್ಬರನ್ನೊಬ್ಬರು ಕಂಡದ್ದು. ಅಪ್ಪಿಕೊಳ್ಳುವುದೂ ಮರೆತುಹೋಗಿತ್ತು.

“ಗೇಟಿಂದ ಬಂದಿದ್ದಾರಮ್ಮ,” ಎಂದರು ಇನ್ಸ್‌ಪೆಕ್ಟರಮ್ಮ. “ನೋಡಿದೋರಿದಾರೆ. ಪಂಪು ಮಾತ್ರ ನಮ್ಮ ಹತ್ರ ಉಳಿದುಬಿಟ್ಟಿದೆ.”

“ಪಂಪಿಲ್ಲದೆನಾ? ಈ ಚಳೀಲಾ?” ಮಗಳ ಕಣ್ಣು ಅಗಲವಾಯಿತು. “ಮತ್ತೆ ಆ ಮನುಷ್ಯ ಹಾಗೆ ಹೇಳಲಿಲ್ವಲ್ಲ.”

“ಯಾವ ಮನುಷ್ಯ?”

“ಸಂಜೆಗೆ ಮುಂಚೆ ಒಬ್ಬರು ಬಂದಿದ್ರು. ನಿಮ್ಮ ಥರದ್ದೇ ಹಸಿರು ಟೋಪಿ ಹಾಕಿದ್ರು. ವಯಸ್ಸಾದೋರು. ‘ನಿಮ್ಮಮ್ಮ ಬರಲ್ಲಮ್ಮ, ಕಾಯಬೇಡ. ಯಾಕೆ ಅಂತ ಕೇಳಬೇಡ’ ಅಂದ್ರು. ಮಾತಾಡೋವಾಗ ಅವರ ಗಂಟಲು ಕಟ್ಟಿತ್ತು. ಸುಳ್ಳು ಹೇಳೋರ ಥರ ಇರಲಿಲ್ಲ ಆಂಟಿ. ಅಮ್ಮಂಗೆ ಅಂತ ನಾನೊಂದು ಗುಂಡು ಮಾಡಿಟ್ಟಿದ್ದೆ. ಅಮ್ಮನ ಹೊಲಿಗೆ ಮಿಷಿನ್ ಬರೆದಿದ್ದೆ ಅದರ ಮೇಲೆ. ‘ಕೊಡು, ಅವರ ಕೈಗೆ ನಾನು ಮುಟ್ಟಿಸ್ತೀನಿ’ ಅಂತ ಇಸ್ಕೊಂಡು ಜೇಬಿಗಿಟ್ಕೊಂಡ್ರು. ಮಾವನೇ ಕಳಿಸಿರಬೇಕು ಅಂದ್ಕೊಂಡೆ. ಮಧ್ಯಾಹ್ನದಿಂದಾನೇ ಅತ್ತೆಗೆ ಮಾಡ್ತಿದ್ದೆ, ಅದಾದ್ಮೇಲಂತೂ ಮೇಲಿಂದ ಮೇಲೆ ಫೋನ್ ಮಾಡ್ದೆ.”

ಹಸಿರು ಟೋಪಿ. ಊರಿನಲ್ಲೆಲ್ಲ ಹನ್ನೆರಡೇ ಇದ್ದ ಟೋಪಿ. ಅಂದರೆ ಬಂದವನು ಹೊರಗಿನವನಲ್ಲ. ಇನ್ಸ್‌ಪೆಕ್ಟರಮ್ಮನ ತಲೆ ಚುರುಕಾಗಿ ಓಡಿತು. ಹೆಡ್‌ಮಾಸ್ತರೇ ಬಂದಿದ್ದರೆ ಈ ಹುಡುಗಿಗೆ ಗುರುತು ಸಿಗುತ್ತಿತ್ತು. ಮಿಕ್ಕ ಗಂಡಸರು ಯಾರು ಯಾರು?

“ಮುಖ ನೆನಪಿದೆಯಾ?”

“ಟೋಪಿ ಹುಬ್ಬಿನವರೆಗೂ ಎಳ್ಕೊಂಡಿದ್ರು. ಬಾಯಿವರೆಗೂ ಮಫ್ಲರ್ ಸುತ್ತಿದ್ರು. ಕಣ್ಣು ಮಾತ್ರ ಕಾಣ್ತಿತ್ತು. ಹಾಂ, ಆ ಮಫ್ಲರ್ ವಿಚಿತ್ರವಾಗಿತ್ತು. ನನಗೆ ಬಣ್ಣದ ಕಡೆಗೇ ಕಣ್ಣು ಹೋಗತ್ತೆ. ಉದ್ದಕ್ಕೂ ಬೂದಿ ಬಣ್ಣ, ಒಂದು ತುದಿ ಮಾತ್ರ...”

ಮಾತು ಅಲ್ಲಿಗೇ ನಿಂತಿತು. ಅವಳ ಕಣ್ಣು ಇನ್ಸ್‌ಪೆಕ್ಟರಮ್ಮನ ಹೆಗಲ ಮೇಲಿದ್ದ ಹೆಣಿಗೆಯ ಚೀಲದ ಮೇಲೆ ನೆಟ್ಟಿತ್ತು. ಚೀಲದ ಬಾಯಿಂದ ಉಲ್ಲನ್ ಉಂಡೆ ಇಣುಕುತ್ತಿತ್ತು.

“ಇದೇ ಬಣ್ಣ,” ಎಂದಳು.

ಅತ್ತಿಗೆಮ್ಮ ನಿಧಾನವಾಗಿ ಇನ್ಸ್‌ಪೆಕ್ಟರಮ್ಮನ ಕಡೆ ತಿರುಗಿದರು. ಆ ಮಫ್ಲರನ್ನು ಬಸ್ಸಿನಲ್ಲಿ ಅವರೂ ನೋಡಿದ್ದರು. ಎಲ್ಲರ ಜೊತೆ ನಕ್ಕಿದ್ದರು.

ಇನ್ಸ್‌ಪೆಕ್ಟರಮ್ಮ ಉಲ್ಲನ್ ಉಂಡೆಯನ್ನು ಚೀಲದೊಳಕ್ಕೆ ತಳ್ಳಿದರು. ಇಲ್ಲ, ಇರಲಾರದು. ಮೂವತ್ತು ವರ್ಷ ಒಂದೇ ತಟ್ಟೆಯಲ್ಲಿ ಹಂಚಿಕೊಂಡು ತಿಂದ ಮನುಷ್ಯ. ಇರುವೆ ಕಂಡರೂ ದಾಟಿ ಕಾಲಿಡುವ ಮನುಷ್ಯ. ಆದರೆ ತಲೆ ಅವರ ಮಾತು ಕೇಳದೆ ಒಂದೊಂದನ್ನೇ ಜೋಡಿಸುತ್ತಿತ್ತು. ಮುಗಿಯದ ಬ್ಯಾಟರಿ. ಫೋಟೋ ಇಲ್ಲದ ಮಧ್ಯಾಹ್ನ. ಬಸ್ಸಲ್ಲಿ ಮರೆತ ಮಫ್ಲರ್. ಸುಮ್ನಿರು ಕಣೇ, ರಜೆಗೆ ಬಂದಿದ್ದೀವಿ.

“ಏನೇ, ಸಿಕ್ಕಿದ್ರಾ?”

ಪರಿಚಿತ ದನಿ ಕೇಳಿ ಮೂವರೂ ತಿರುಗಿದರು. ಮಳಿಗೆಗಳ ಸಾಲಿನ ನಡುವೆ, ಸ್ವಲ್ಪ ದೂರದಲ್ಲಿ, ರಾಯರು ಕುಂಟುತ್ತಾ ಬರುತ್ತಿದ್ದರು. ಕೊರಳಲ್ಲಿ ಕ್ಯಾಮೆರಾ, ತಲೆಯ ಮೇಲೆ ಗಿಣಿಹಸಿರು ಟೋಪಿ, ಹೆಂಡತಿಗೆ ಹಿಡಿದುಕೊಂಡು ಬಂದ ಇನ್ನೊಂದು ಲೋಟ ಬಿಸಿ ಚಾಕೊಲೇಟ್.

“ರೀ,” ಎಂದರು ಇನ್ಸ್‌ಪೆಕ್ಟರಮ್ಮ. ದನಿ ಅವರದ್ದೆಂದು ಅವರಿಗೇ ಅನಿಸಲಿಲ್ಲ. “ಇಲ್ಲಿ ಬನ್ನಿ ಸ್ವಲ್ಪ.”

ರಾಯರು ನಗುತ್ತಲೇ ಇನ್ನೆರಡು ಹೆಜ್ಜೆ ಮುಂದೆ ಬಂದರು. ಆಗ ಹೆಂಡತಿಯ ಹಿಂದೆ, ಗಾಜಿನ ಗುಂಡುಗಳ ನಡುವೆ ನಿಂತಿದ್ದವಳನ್ನು ಕಂಡರು. ನಗು ಅಲ್ಲೇ ನಿಂತಿತು.

“ಅವರೇ!” ಎಂದಳು ಮಗಳು. “ಆಂಟಿ, ಆ ಕಣ್ಣು ನನಗೆ ಚೆನ್ನಾಗಿ ನೆನಪಿದೆ. ಬಂದಿದ್ದು ಅವರೇ!”

ಲೋಟ ಕೆಳಗೆ ಬಿತ್ತು. ರಾಯರು ಹೆಂಡತಿಯ ಮುಖವನ್ನು ಒಂದು ಗಳಿಗೆ ನೋಡಿದರು. ಮರುಗಳಿಗೆ ಒಂದು ಕೈಯಿಂದ ಕೋಟಿನ ಜೇಬನ್ನು ಒಳಗಿರುವುದು ಒಡೆಯದ ಹಾಗೆ ಒತ್ತಿ ಹಿಡಿದು, ತಿರುಗಿ, ಬಸ್ಸುಗಳು ನಿಂತಿದ್ದ ಕಡೆಗೆ ಓಡತೊಡಗಿದರು.

ಇನ್ಸ್‌ಪೆಕ್ಟರಮ್ಮ ಪಂಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನೋಡುತ್ತಾ ನಿಂತರು. ಅವರ ಗಂಡ ಕುಂಟುತ್ತಿರಲಿಲ್ಲ.